ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್: ಮೊದಲು ಕತ್ತು ನೋಡಿ

ಗಿಟಾರ್ ಹಿಡಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ವರ್ಷ ತುಂಬುವ ಮೊದಲೇ ಕೈಬಿಡುತ್ತಾರೆ. ಅಮೆರಿಕದ ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದಾಗ ಆಂಡಿ ಮೂನಿ ಸಂದರ್ಶನಗಳಲ್ಲಿ ಕೊಡುತ್ತಿದ್ದ ಲೆಕ್ಕ ಇದು. ಅದೇ ಕಂಪನಿಗೆ 2020, ಅಂದರೆ ಲಾಕ್‌ಡೌನಿನ ವರ್ಷ, ಅಲ್ಲಿಯವರೆಗಿನ ಅತಿ ಹೆಚ್ಚು ಮಾರಾಟದ ವರ್ಷವಾಯಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೀರುವಿನ ಮೇಲೆ, ಮಂಚದ ಕೆಳಗೆ ಕವರಿನೊಳಗೇ ಮಲಗಿರುವ ಗಿಟಾರುಗಳ ಕತೆ ಅರ್ಥವಾಗುತ್ತದೆ. ಮನೆ ಬದಲಿಸುವಾಗಲೋ, ಮಗು ಹುಟ್ಟಿದಾಗಲೋ, ವಿದೇಶಕ್ಕೆ ಹೊರಟಾಗಲೋ ಅವು ಮಾರಾಟಕ್ಕೆ ಬರುತ್ತವೆ. ಎಷ್ಟೋ ಸಲ ಮೊದಲ ಜೊತೆ ತಂತಿಯೂ ಬದಲಾಗಿರುವುದಿಲ್ಲ.

ಮನೆಯಲ್ಲಿ ನುಡಿಸಲೆಂದು ಎಲೆಕ್ಟ್ರಿಕ್ ಗಿಟಾರ್ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸಂತೆ ಇಲ್ಲ. ಹತ್ತು ಸಾವಿರದ ಹೊಸ ಗಿಟಾರಿಗಿಂತ ಇಪ್ಪತ್ತೈದರಿಂದ ಅರವತ್ತು ಸಾವಿರದೊಳಗೆ ಸಿಗುವ, ನಾಲ್ಕೈದು ವರ್ಷ ಹಳೆಯ ಮಧ್ಯಮ ದರ್ಜೆಯ ಗಿಟಾರ್ ಕೈಗೂ ಕಿವಿಗೂ ಹೆಚ್ಚು ಒಗ್ಗುತ್ತದೆ. ನಾಳೆ ಬೇಡವೆನಿಸಿದರೆ ಹೆಚ್ಚು ನಷ್ಟವಿಲ್ಲದೆ ಮಾರಿಬಿಡಲೂಬಹುದು. ಆದರೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಬಣ್ಣಕ್ಕೆ ಮರುಳಾಗದೆ ಹಲ್ಲು, ಸುಳಿ, ನಡಿಗೆ ನೋಡುವಂತೆ ಗಿಟಾರಿನಲ್ಲೂ ನೋಡಬೇಕಾದ್ದನ್ನೇ ನೋಡಬೇಕು.

ನೋಡುವುದಕ್ಕೆ ಒಂದೇ ಸೂತ್ರ ಸಾಕು. ಯಾವ ದೋಷ ಅಗ್ಗದಲ್ಲಿ ಸರಿಹೋಗುತ್ತದೆ, ಯಾವುದು ಗಿಟಾರಿನ ಬೆಲೆಯನ್ನೇ ನುಂಗುತ್ತದೆ ಎಂಬುದನ್ನು ಬೇರೆ ಮಾಡಿಕೊಳ್ಳುವುದು. ಗರಗರ ಎನ್ನುವ ವಾಲ್ಯೂಮ್ ಗುಂಡಿ, ಸಡಿಲವಾದ ಜ್ಯಾಕ್, ತುಕ್ಕು ಹಿಡಿದ ತಂತಿ, ಬಾಡಿಯ ಮೇಲಿನ ಗೀರು ಇವೆಲ್ಲ ಚೌಕಾಸಿಗೆ ಒದಗುವ ಸರಕು. ತಿರುಚಿಕೊಂಡ ಕತ್ತು, ಸವೆದ ಫ್ರೆಟ್ಟು (ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ), ತಲೆಯ ಬುಡದಲ್ಲಿ ಬಿರುಕು, ಈ ಮೂರರಲ್ಲಿ ಒಂದು ಕಂಡರೂ ವ್ಯಾಪಾರದ ಲೆಕ್ಕವೇ ಬೇರೆ.

ಆದ್ದರಿಂದ ಮೊದಲು ಕತ್ತು.

ಗಿಟಾರನ್ನು ಬಂದೂಕಿನಂತೆ ಎತ್ತಿ, ತಲೆಯ ಕಡೆಯಿಂದ ಬಾಡಿಯ ಕಡೆಗೆ ಒಂದು ಕಣ್ಣು ಮುಚ್ಚಿ ನೋಡಬೇಕು. ಎರಡೂ ಅಂಚುಗಳು ಸಮಾನಾಂತರವಾಗಿ ಓಡಬೇಕು. ಒಂದು ಅಂಚು ಏರಿ ಇನ್ನೊಂದು ಇಳಿದಂತೆ ಕಂಡರೆ ಕತ್ತು ತಿರುಚಿಕೊಂಡಿದೆ ಎಂದರ್ಥ. ಅಂಥದ್ದನ್ನು ಬಿಟ್ಟು ಬರುವುದೇ ಜಾಣತನ. ಮುಂದಿನ ಪರೀಕ್ಷೆಗೆ ಬೇಕಾಗುವುದು ಒಂದು ಎಟಿಎಂ ಕಾರ್ಡು, ಉಬ್ಬಕ್ಷರಗಳಿಲ್ಲದ ನುಣುಪು ಕಾರ್ಡಾದರೆ ಒಳ್ಳೆಯದು. ಜಗತ್ತಿನ ಎಲ್ಲ ಬ್ಯಾಂಕ್ ಕಾರ್ಡುಗಳ ದಪ್ಪವೂ 0.76 ಮಿಲಿಮೀಟರ್, ಇದು ಅಂತರರಾಷ್ಟ್ರೀಯ ಅಳತೆ. ಅತಿ ದಪ್ಪದ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದಾಗ ಏಳು-ಎಂಟನೇ ಫ್ರೆಟ್ಟಿನ ಬಳಿ ತಂತಿಗೂ ಲೋಹಕ್ಕೂ ನಡುವೆ ಕೂದಲೆಳೆಯ ಸಂದು ಕಾಣಬೇಕು. ಸುಮಾರು 0.25 ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡಿನಷ್ಟು. ಅಲ್ಲಿ ಎಟಿಎಂ ಕಾರ್ಡೇ ಸಲೀಸಾಗಿ ನುಸುಳಿದರೆ ಕತ್ತು ಬಿಲ್ಲಿನಂತೆ ಬಾಗಿದೆ. ಸಂದೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರುವ ಸಾಧ್ಯತೆ ಇದೆ.

ಬಾಗಿದ ಮಾತ್ರಕ್ಕೆ ಗಾಬರಿ ಬೇಡ. ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇಂದಿಗೂ ಬಹುತೇಕ ಎಲೆಕ್ಟ್ರಿಕ್ ಗಿಟಾರುಗಳ ಬೆನ್ನೆಲುಬು. ಆಲನ್ ಕೀಯಿಂದ ಕಾಲು ಸುತ್ತು ತಿರುಗಿಸಿದರೆ ಕತ್ತು ನೆಟ್ಟಗಾಗುತ್ತದೆ. ಈ ಸರಳು ತಿರುಗುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಮಾರುವವರ ಒಪ್ಪಿಗೆ ಪಡೆದು, ಬಲ ಹಾಕದೆ, ಸ್ವಲ್ಪವೇ ತಿರುಗಿಸಿ ನೋಡಬಹುದು. ತುದಿಯ ನಟ್ಟು ಸವೆದು ಗುಂಡಗಾಗಿದ್ದರೆ ಅಥವಾ ಅದಾಗಲೇ ಕೊನೆಯವರೆಗೆ ಬಿಗಿದಿದ್ದರೆ ಆ ಗಿಟಾರಿಗೆ ಮುಂದೆ ಸುಲಭದ ಮದ್ದಿಲ್ಲ.

ಅದೇ ಕಾರ್ಡು ಇನ್ನೊಂದು ಕೆಲಸಕ್ಕೂ ಬರುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಆಕ್ಷನ್ ಎನ್ನುತ್ತಾರೆ. ಎರಡು ಕಾರ್ಡು ಒಟ್ಟಿಗೆ ಹಿಡಿಸಿದರೆ ಸುಮಾರು ಒಂದೂವರೆ ಮಿಲಿಮೀಟರ್, ಬೆರಳಿಗೆ ಹಿತವಾದ ಎತ್ತರ. ಮೂರು ಕಾರ್ಡು ಸಲೀಸಾಗಿ ಹೋದರೆ ತುಸು ಹೆಚ್ಚಾಯಿತು. ಬಾಡಿಯ ಮೇಲೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜ್ ಇಳಿಸಿ ಸರಿಮಾಡಬಹುದು. ಬ್ರಿಡ್ಜ್ ಆಗಲೇ ತಳಕ್ಕೆ ಕೂತಿದ್ದು, ಆದರೂ ತಂತಿ ಎತ್ತರದಲ್ಲೇ ಇದ್ದರೆ ಕತ್ತು ಬಾಡಿಗೆ ಕೂತ ಕೋನವೇ ತಪ್ಪಿದೆ. ಇಲ್ಲಿ ಗಿಟಾರಿನ ಜಾತಿ ನೋಡಬೇಕಾಗುತ್ತದೆ. 1950ರ ಸುಮಾರಿಗೆ ಲಿಯೋ ಫೆಂಡರ್ ರೂಪಿಸಿದ ಟೆಲಿಕಾಸ್ಟರ್, 1954ರ ಸ್ಟ್ರ್ಯಾಟೊಕಾಸ್ಟರ್ ಇವುಗಳಲ್ಲಿ ಕತ್ತನ್ನು ಬಾಡಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಫೆಂಡರ್‌ಗೆ ಬಿಚ್ಚಿ ಜೋಡಿಸುವ ಸುಲಭ ಗೊತ್ತಿತ್ತು. ಅಂಥ ಗಿಟಾರಿನ ಕತ್ತಿನ ಕೆಳಗೆ ತೆಳುವಾದ ಚಕ್ಕೆ ಇಟ್ಟರೆ ಕೋನ ಸರಿಹೋಗುತ್ತದೆ. 1952ರ ಗಿಬ್ಸನ್ ಲೆಸ್ ಪಾಲ್ ಮತ್ತು ಅದರ ಅಚ್ಚಿನಲ್ಲಿ ಬಂದವುಗಳಲ್ಲಿ ಕತ್ತನ್ನು ಅಂಟಿನಿಂದ ಕೂಡಿಸಿರುತ್ತಾರೆ. ಅಲ್ಲಿ ಕೋನ ತಪ್ಪಿದರೆ ದುರಸ್ತಿ ದೊಡ್ಡದು, ದುಬಾರಿ.

ಫ್ರೆಟ್ಟುಗಳ ಸರದಿ ಆಮೇಲೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ತಂತಿಗಳನ್ನು ಪಕ್ಕಕ್ಕೆ ಸರಿಸಿ, ಮೊದಲ ಮೂರು ಫ್ರೆಟ್ಟುಗಳ ನೆತ್ತಿ ನೋಡಬೇಕು. ಕಲಿಯುವವರು ಹಿಡಿಯುವ ಜಿ, ಸಿ, ಡಿ ಸ್ವರಗುಚ್ಛಗಳೆಲ್ಲ ಅಲ್ಲೇ ಬರುವುದರಿಂದ ಸವೆತವೂ ಅಲ್ಲೇ ಮೊದಲು. ತಂತಿಯ ನೇರ ಕೆಳಗೆ ಉಗುರಿನಿಂದ ಗೀರಿದಂಥ ಹೊಳೆಯುವ ಚಿಕ್ಕ ಹಳ್ಳಗಳು ಕಾಣುತ್ತವೆ. ಉಗುರು ಆಡಿಸಿದಾಗ ಹಳ್ಳ ತಡೆಯದಿದ್ದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡರೆ ಫ್ರೆಟ್ಟುಗಳನ್ನು ಉಜ್ಜಿ ಸಮಮಾಡಿಸಬೇಕು. ನೆತ್ತಿ ಚಪ್ಪಟೆಯಾಗಿ, ಎತ್ತರವೇ ಉಳಿದಿರದಿದ್ದರೆ ಎಲ್ಲವನ್ನೂ ಕಿತ್ತು ಹೊಸದು ಕೂರಿಸಬೇಕು. ವೀಣೆಯ 24 ಮೆಟ್ಟಿಲುಗಳನ್ನು ಮೇಣ ಕರಗಿಸಿ ಮತ್ತೆ ಕೂರಿಸುವಂತೆ ಇದು ಸಾಂಪ್ರದಾಯಿಕ ಕಸುಬು, ನುರಿತ ಕೈಯೇ ಆಗಬೇಕು. ಮಧ್ಯಮ ದರ್ಜೆಯ ಗಿಟಾರಿಗೆ ಆ ಖರ್ಚು ಗಿಟ್ಟುವುದಿಲ್ಲ.

ಆಮೇಲೆ ಪ್ರತಿ ತಂತಿಯ ಮೇಲೂ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ಒತ್ತಿ ಮೀಟಬೇಕು. ಮಾರುವವರ ಎದುರು ಮುಜುಗರವೆನಿಸಬಹುದು, ಐದು ನಿಮಿಷವೂ ಹಿಡಿಯಬಹುದು. ಆದರೂ ಬಿಡಬಾರದು. ತಂಬೂರಿಗೆ ಜೀವಾಳದ ಝೇಂಕಾರ ಚೆಂದ, ಗಿಟಾರಿಗೆ ಅದು ರೋಗ. ಒಂದೇ ಜಾಗದಲ್ಲಿ ಝರ್ರೆಂದರೆ ಅದರ ಮುಂದಿನ ಫ್ರೆಟ್ಟು ಎದ್ದಿರಬಹುದು, ಎಲ್ಲೆಡೆ ಝರ್ರೆಂದರೆ ಹೊಂದಾಣಿಕೆ ತಪ್ಪಿದೆ. ಎರಡನೆಯದು ಸುಲಭದ ರಿಪೇರಿ.

ಗಮಕದ ರುಚಿ ಹತ್ತಿದವರು ಇನ್ನೊಂದನ್ನು ನೋಡಬೇಕು. ಮ್ಯಾಂಡೊಲಿನ್ ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ, ಗಿಟಾರ್ ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ ಮೇಲೆ ನಮ್ಮ ಮನೆಗಳಲ್ಲೂ ಆ ಆಸೆ ಹುಟ್ಟುವುದು ಸಹಜ. ತಂತಿಯನ್ನು ಅಡ್ಡ ಎಳೆದು ಸ್ವರ ಏರಿಸುವಾಗ ಫಿಂಗರ್‌ಬೋರ್ಡಿನ (ಫ್ರೆಟ್ಟುಗಳು ಕೂತ ಹಲಗೆಯ) ಉಬ್ಬು ಅಡ್ಡಬರುತ್ತದೆ. ಹಳೇ ಫೆಂಡರ್ ಶೈಲಿಯ 7.25 ಇಂಚು ತ್ರಿಜ್ಯದ ಉಬ್ಬು ಹೆಚ್ಚು ಗುಂಡಗಿದ್ದು, ಆಕ್ಷನ್ ಕಡಿಮೆಯಿದ್ದರೆ ಎಳೆದ ಸ್ವರ ಮಧ್ಯದಲ್ಲೇ ಸತ್ತುಹೋಗುತ್ತದೆ. 9.5 ಇಂಚು ಅಥವಾ 12 ಇಂಚಿನ ತ್ರಿಜ್ಯವಿದ್ದರೆ ಬೋರ್ಡು ಚಪ್ಪಟೆ, ಎಳೆತ ಸಲೀಸು. ಹನ್ನೆರಡನೇ ಫ್ರೆಟ್ಟಿನ ಆಚೆ ಸಣ್ಣ ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಎಳೆದು ಹಿಡಿದರೆ ಗೊತ್ತಾಗಿಬಿಡುತ್ತದೆ.

ಲೆಸ್ ಪಾಲ್ ಆಕಾರದ ಗಿಟಾರಾದರೆ ಒಂದು ಜಾಗಕ್ಕೆ ಟಾರ್ಚ್ ಬಿಡಲೇಬೇಕು: ತಲೆಯೂ ಕತ್ತೂ ಸೇರುವ ಹಿಂಬದಿ. ಇವುಗಳ ತಲೆ ಹಿಂದಕ್ಕೆ ಬಾಗಿರುತ್ತದೆ, ಮರ ಅಲ್ಲಿ ತೆಳ್ಳಗಿರುತ್ತದೆ, ಸಾಲದ್ದಕ್ಕೆ ಟ್ರಸ್ ರಾಡಿಗಾಗಿ ಅಲ್ಲೇ ಕೊರೆದಿರುತ್ತಾರೆ. ಸ್ಟ್ಯಾಂಡಿನಿಂದ ಒಮ್ಮೆ ಮಗುಚಿ ಬಿದ್ದರೆ ಮುರಿಯುವುದು ಅಲ್ಲೇ. ಬಣ್ಣದ ಕೆಳಗೆ ಕೂದಲಿನಂಥ ಗೆರೆ, ಬೆರಳಿಗೆ ತಟ್ಟುವ ಸಣ್ಣ ಏರು, ಸುತ್ತಲಿಗಿಂತ ಹೆಚ್ಚು ಹೊಳೆಯುವ ಪಟ್ಟಿ ಕಂಡರೆ ನೇರವಾಗಿ ಕೇಳಬೇಕು. ಚೆನ್ನಾಗಿ ಅಂಟಿಸಿದ ತಲೆ ವರ್ಷಗಟ್ಟಲೆ ನಿಲ್ಲುತ್ತದೆ, ನುಡಿಸುವುದಕ್ಕೆ ತೊಂದರೆಯಿಲ್ಲ. ಆದರೆ ಬೆಲೆ ಗಣನೀಯವಾಗಿ ಇಳಿಯಲೇಬೇಕು. ಮರೆಮಾಚಿ ಮಾರುವವರಿಂದ ಬೇರೇನನ್ನೂ ಕೊಳ್ಳದಿರುವುದು ಒಳ್ಳೆಯದು.

ಇಷ್ಟಾದ ಮೇಲೆಯೇ ಪ್ಲಗ್ ಹಾಕುವ ಮಾತು. ಪ್ರತಿ ಪಿಕಪ್ಪು, ಸ್ವಿಚ್ಚಿನ ಪ್ರತಿ ಸ್ಥಾನ, ಪ್ರತಿ ಗುಂಡಿ ಕೆಲಸ ಮಾಡಬೇಕು. ತಿರುಗಿಸುವಾಗ ಗರಗರ ಎಂದರೆ ಬಹುಪಾಲು ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಸರಿಹೋಗುತ್ತದೆ, ಇಲ್ಲದಿದ್ದರೆ ಕೆಲವೇ ನೂರು ರೂಪಾಯಿಯ ಬಿಡಿಭಾಗ. ಕರಾವಳಿಯ ಗಿಟಾರುಗಳಲ್ಲಿ ಇದು ಮಾಮೂಲು.

ಗುಂಯ್ ಎನ್ನುವ ಸದ್ದಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸುತ್ತಿದ ಸಾವಿರಾರು ಸುತ್ತು ತಾಮ್ರದ ತಂತಿ. ಗಿಟಾರ್ ತಂತಿಯ ಕಂಪನದ ಜೊತೆಗೆ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟನ್ನೂ ಅದು ಎಳೆದುಕೊಳ್ಳುತ್ತದೆ. ಫ್ಯಾನ್ ರೆಗ್ಯುಲೇಟರು, ಅಗ್ಗದ ಎಲ್‌ಇಡಿ ಬಲ್ಬು, ಕಂಪ್ಯೂಟರ್ ಪಕ್ಕದಲ್ಲಿದ್ದರೆ ಇನ್ನೂ ಹೆಚ್ಚು. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಎರಡು ಕಾಯಿಲುಗಳನ್ನು ವಿರುದ್ಧವಾಗಿ ಜೋಡಿಸಿ ಈ ಸದ್ದನ್ನು ಕೊಂದರು. ಅದೇ ಹಂಬಕರ್. ಕಂಪ್ಯೂಟರ್ ಮೇಜಿನ ಮುಂದೆಯೇ ಕೂತು ನುಡಿಸುವವರಿಗೆ ಕನಿಷ್ಠ ಒಂದು ಹಂಬಕರ್ ಇರುವ ಗಿಟಾರೇ ಅನುಕೂಲ. ಸಿಂಗಲ್ ಕಾಯಿಲಿನ ಗುಂಯ್‌ಗುಟ್ಟು ದೋಷವಲ್ಲ ಎಂಬುದೂ ನೆನಪಿರಲಿ. ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಒಳಗಿನ ಗ್ರೌಂಡ್ ತಂತಿ ಸರಿಯಾಗಿದೆ. ಮುಟ್ಟಿದಾಗ ಹೆಚ್ಚಾದರೆ ಎಲ್ಲೋ ಬೆಸುಗೆ ಬಿಟ್ಟಿದೆ.

ತಂತಿ ಮುಟ್ಟಿದಾಗ ಚುರುಕ್ ಎಂದರೆ ತಕ್ಷಣ ಪ್ಲಗ್ ಕೀಳಬೇಕು. ಆಗ ತಪ್ಪು ಸಾಮಾನ್ಯವಾಗಿ ಆಂಪ್ಲಿಫೈಯರಿನದು ಅಥವಾ ಮನೆಯ ಅರ್ತಿಂಗಿನದು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹಕ್ಕೆ, ಅಲ್ಲಿಂದ ಮೂರನೇ ಪಿನ್ನಿಗೆ ಸೇರಿರುತ್ತವೆ. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಮೂರನೆಯದನ್ನು ತಪ್ಪಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ನುಡಿಸುವ ಮನೆಯಲ್ಲಿ ಇದು ಜೀವದ ಪ್ರಶ್ನೆ. ಗಿಟಾರ್ ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಅರ್ತಿಂಗ್ ನೋಡಿಸುವುದು ಒಳ್ಳೆಯದು.

ಇನ್ನು ಯಾವುದನ್ನು ಕೊಳ್ಳುವುದು? ಮೊದಲ ಹೆಸರು ಯಮಹಾ ಪೆಸಿಫಿಕಾ. 1990ರಿಂದ ಬರುತ್ತಿರುವ ಈ ಸರಣಿಯ 112ವಿ ಮಾದರಿಯಲ್ಲಿ ಎರಡು ಸಿಂಗಲ್ ಕಾಯಿಲು, ಒಂದು ಹಂಬಕರ್ ಇವೆ. ಟೋನ್ ಗುಂಡಿಯನ್ನು ಮೇಲಕ್ಕೆಳೆದರೆ ಹಂಬಕರ್ ಒಡೆದು ಸಿಂಗಲ್ ಆಗುತ್ತದೆ. ಬೆಡಗಿಲ್ಲ, ಆದರೆ ಗಿಟಾರಿನಿಂದ ಗಿಟಾರಿಗೆ ಗುಣಮಟ್ಟ ಏರುಪೇರಾಗುವುದು ಕಡಿಮೆ. ಅದೇ ಸರಣಿಯ 612ವಿ, ಸೆಮೂರ್ ಡಂಕನ್ ಪಿಕಪ್ಪುಗಳೊಂದಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಮನೆಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದೇ ಇಲ್ಲ. ಫೆಂಡರ್ ಒಡೆತನದ ಸ್ಕ್ವಾಯರ್‌ನ ಕ್ಲಾಸಿಕ್ ವೈಬ್ ಸರಣಿ 2008ರಲ್ಲಿ ಬಂತು. ಹಳೇ ಟೆಲಿಕಾಸ್ಟರ್, ಸ್ಟ್ರ್ಯಾಟೊಕಾಸ್ಟರಿನ ಚೆಲುವು ಬೇಕೆಂಬವರಿಗೆ ಅದು. ಇನ್ನಷ್ಟು ಹಣ ಕೂಡಿದರೆ ಮೆಕ್ಸಿಕೊದ ಎನ್ಸೆನಾಡಾ ಕಾರ್ಖಾನೆಯ ಫೆಂಡರ್ ಸ್ಟ್ಯಾಂಡರ್ಡ್ ಅಥವಾ 2018ರಲ್ಲಿ ಅದರ ಜಾಗಕ್ಕೆ ಬಂದ ಪ್ಲೇಯರ್. ದಪ್ಪ ದನಿಗೆ ಎಪಿಫೋನ್ ಲೆಸ್ ಪಾಲ್, ವೇಗದ ಬೆರಳಿಗೆ ತೆಳು ಕತ್ತಿನ ಐಬನೀಜ್ ಆರ್‌ಜಿ, ಎರಡರ ನಡುವೆ ಪಿಆರ್‌ಎಸ್ ಎಸ್‌ಇ.

ಕೈ ಚಿಕ್ಕದಿದ್ದವರು ತಂತಿಯ ಉದ್ದವನ್ನೂ ಗಮನಿಸಬೇಕು. ಫೆಂಡರ್ ಅಳತೆ 648 ಮಿಲಿಮೀಟರ್, ಗಿಬ್ಸನ್ ಅಳತೆ ಸುಮಾರು 628, ಪಿಆರ್‌ಎಸ್ ನಡುವಿನ 635. ಎರಡು ಸೆಂಟಿಮೀಟರ್ ಏನು ಮಹಾ ಎನಿಸಬಹುದು, ಆದರೆ ಚಿಕ್ಕ ಅಳತೆಯಲ್ಲಿ ಫ್ರೆಟ್ಟುಗಳು ಹತ್ತಿರ, ತಂತಿಯ ಬಿಗಿತವೂ ಕಡಿಮೆ. ತೂಕದಲ್ಲಿ ಇದು ತಿರುಗುಮುರುಗು. ಲೆಸ್ ಪಾಲ್‌ಗಳು ನಾಲ್ಕು ಕೆಜಿ ದಾಟುವುದುಂಟು, ಸ್ಟ್ರ್ಯಾಟ್ ಸಾಮಾನ್ಯವಾಗಿ ಮೂರೂವರೆಯ ಆಸುಪಾಸು. ಮನೆಯಲ್ಲಿ ನುಡಿಸುವುದು ಹೆಚ್ಚಾಗಿ ಕೂತೇ, ಆದ್ದರಿಂದ ತೊಡೆಯ ಮೇಲೆ ಹತ್ತು ನಿಮಿಷ ಇಟ್ಟು ನೋಡಬೇಕು. ವಿ ಆಕಾರದವು ತೊಡೆಯಿಂದ ಜಾರುತ್ತವೆ. ಫ್ಲಾಯ್ಡ್ ರೋಸ್ ಬ್ರಿಡ್ಜ್ ಇರುವ ಗಿಟಾರನ್ನೂ ಮೊದಲ ಸಲ ಕೊಳ್ಳುವವರು ದೂರ ಇಡುವುದು ವಾಸಿ. ಅದರಲ್ಲಿ ಒಂದು ತಂತಿಯ ಶ್ರುತಿ ಬದಲಿಸಿದರೆ ಉಳಿದ ಐದೂ ಕದಲುತ್ತವೆ.

ವಯಸ್ಸು ತಿಳಿಯಲು ಸೀರಿಯಲ್ ನಂಬರ್ ಇದೆ. ಮೆಕ್ಸಿಕೊದ ಫೆಂಡರಿನಲ್ಲಿ ಎಂಎಕ್ಸ್ 18 ಎಂದಿದ್ದರೆ 2018, ಎಂಝೆಡ್ ಎಂದರೆ 2000ದ ದಶಕ, ಎಂಎನ್ ಎಂದರೆ ತೊಂಬತ್ತರ ದಶಕ. ಐಸಿಎಸ್ ಎಂದು ಶುರುವಾದರೆ ಇಂಡೊನೇಷ್ಯಾದ ಸ್ಕ್ವಾಯರ್. 2008ರ ನಂತರದ ಎಪಿಫೋನುಗಳಲ್ಲಿ ಮೊದಲ ನಾಲ್ಕು ಅಂಕಿಗಳೇ ವರ್ಷ ಮತ್ತು ತಿಂಗಳು. ಮರವೂ ಸುಳಿವು ಕೊಡುತ್ತದೆ, ಮತ್ತು ಈ ಕತೆ ನಮ್ಮ ಕಾಡಿಗೆ ಹತ್ತಿರದ್ದು. ಜಗತ್ತಿನ ಅಸಂಖ್ಯ ಗಿಟಾರುಗಳ ಫಿಂಗರ್‌ಬೋರ್ಡು ಭಾರತದ ಬೀಟೆ ಮರದ್ದು, ಮಲೆನಾಡಿನವರು ಬಾಗಿಲು, ಮಂಚಗಳಲ್ಲಿ ಕಂಡ ಅದೇ ಬೀಟೆ. 2017ರ ಜನವರಿ 2ರಿಂದ ಬೀಟೆ ಕುಲದ ಮರಗಳ ಅಂತರರಾಷ್ಟ್ರೀಯ ಸಾಗಣೆಗೆ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪರವಾನಗಿ ಕಡ್ಡಾಯವಾಯಿತು. ಕಂಪನಿಗಳು ಬೇರೆ ಮರ ಹುಡುಕಿದವು. ಮೆಕ್ಸಿಕೊದ ಫೆಂಡರುಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೊ ಬಂತು. ಹಲವು ಸ್ಕ್ವಾಯರ್, ಎಪಿಫೋನ್ ಮಾದರಿಗಳಿಗೆ ಇಂಡಿಯನ್ ಲಾರೆಲ್ ಬಂತು, ಅಂದರೆ ನಮ್ಮ ಮತ್ತಿ ಮರ. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದರೂ ಮತ್ತಿ ಉಳಿದುಕೊಂಡಿತು. ಮತ್ತಿಯ ಬೋರ್ಡು ಕೀಳೆಂದು ಬೆಲೆ ಇಳಿಸಲು ನೋಡುವವರಿದ್ದಾರೆ. ದನಿಯಲ್ಲಿ ಮನೆಯ ಕಿವಿಗೆ ತಿಳಿಯುವ ವ್ಯತ್ಯಾಸವಿಲ್ಲ.

ಮಧ್ಯಮ ಬೆಲೆಗೆ ಗಿಬ್ಸನ್ ಎಂಬ ಹೆಸರೇ ಸಿಕ್ಕರೆ ನಕಲಿ ಎಂದೇ ಶುರುಮಾಡಬೇಕು. ಅಸಲಿ ಗಿಬ್ಸನ್ನಿನ ತಲೆಯ ಮೇಲಿನ ಟ್ರಸ್ ರಾಡ್ ಮುಚ್ಚಳಕ್ಕೆ ಎರಡು ಸ್ಕ್ರೂ, ನಕಲಿಗಳಲ್ಲಿ ಹಲವಕ್ಕೆ ಮೂರು. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮುಂಗಡ ಕಳಿಸಿದರೆ ಪಾರ್ಸೆಲ್ ಮಾಡುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು. ಹಣ ಕೊಡುವುದು ಗಿಟಾರ್ ಕೈಯಲ್ಲಿ ಹಿಡಿದು, ನುಡಿಸಿ, ಹಳೇ ಬಿಲ್ಲು ಇದ್ದರೆ ಅದನ್ನೂ ಇಸಕೊಂಡ ಮೇಲೆ.

ಬಜೆಟ್ಟಿನ ಕಾಲು ಭಾಗವನ್ನಾದರೂ ಆಂಪಿಗೆ ಉಳಿಸಿಕೊಳ್ಳಬೇಕು. ಪಕ್ಕದ ಮನೆಯ ಗೋಡೆ ಅಂಟಿಕೊಂಡಿರುವ ಕಡೆ ನೂರು ವ್ಯಾಟ್ ವ್ಯರ್ಥ. ಯಮಹಾ ಟಿಎಚ್‌ಆರ್‌ನಂಥ ಮೇಜಿನ ಮೇಲಿನ ಆಂಪು ಅಥವಾ ಗಿಟಾರಿಗೇ ಸಿಕ್ಕಿಸುವ ವಾಕ್ಸ್ ಆಂಪ್ಲಗ್ ಥರದ ಹೆಡ್‌ಫೋನ್ ಆಂಪು ಸಾಕು. ಎರಡನೆಯದು ಜೇಬಿನಲ್ಲಿ ಹಿಡಿಯುತ್ತದೆ, ಗಿಟಾರ್ ನೋಡಲು ಹೋಗುವಾಗ ಪರೀಕ್ಷೆಗೂ ಒದಗುತ್ತದೆ.

ಮನೆಗೆ ತಂದ ಗಿಟಾರಿಗೆ ಮೊದಲು ಹೊಸ ತಂತಿ ಹಾಕಬೇಕು. ಆಮೇಲೆ ಒಂದು ವಾರ ಸುಮ್ಮನೆ ಬಿಡಬೇಕು. ಮಂಗಳೂರಿನ ತೇವದಿಂದ ಬಳ್ಳಾರಿಯ ಬಿಸಿಲಿಗೆ ಬಂದ ಮರ ಕುಗ್ಗುತ್ತದೆ, ಫ್ರೆಟ್ಟಿನ ತುದಿಗಳು ಹೊರಚಾಚಿ ಅಂಗೈಗೆ ಚುಚ್ಚುವುದೂ ಉಂಟು. ಮರ ಹೊಸ ಹವೆಗೆ ಹೊಂದಿಕೊಂಡ ಮೇಲೆ ಸೆಟಪ್ (ಕತ್ತು, ಆಕ್ಷನ್ ಮುಂತಾದವುಗಳ ಹೊಂದಾಣಿಕೆ) ಮಾಡಿಸಿದರೆ ಆ ಹಣ ಸಾರ್ಥಕ. ಬೀಟೆ, ಮತ್ತಿಯ ಬೋರ್ಡು ಒಣಗಿ ಬಿಳಿಚಿದ್ದರೆ ಫಿಂಗರ್‌ಬೋರ್ಡಿಗೆಂದೇ ಮಾರುವ ಲೆಮನ್ ಆಯಿಲಿನ ಒಂದೆರಡು ಹನಿ ಒರೆಸಬಹುದು. ಮೆರುಗು ಹಾಕಿದ ಮೇಪಲ್ ಬೋರ್ಡಿಗೆ ಅದೂ ಬೇಕಿಲ್ಲ. ಕೊಬ್ಬರಿ ಎಣ್ಣೆ ಮಾತ್ರ ಯಾವುದಕ್ಕೂ ಹಚ್ಚಬೇಡಿ. ಅದು ಮರದೊಳಗೆ ಕಮಟುತ್ತದೆ, ಧೂಳು ಹಿಡಿಯುತ್ತದೆ. ಗೋಡೆಗೆ ನೇತುಹಾಕುವುದಾದರೆ ಮಳೆ ಬಡಿಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ.